ಮೂರು ತಿಂಗಳ ಮಳೆ, ಅಕ್ಕನ ಮೆಣಸಿನಕಾಯಿ

ನನಗೊಂದು ಚಟವಿದೆ. ಪತ್ರಿಕೆ ಬಂದ ಕೂಡಲೇ ಮೊದಲು ಹವಾಮಾನದ ಮೂಲೆ ನೋಡಬೇಕು. ಸಾವು, ಮದುವೆ, ಚುನಾವಣೆ ಎಲ್ಲ ಆಮೇಲೆ. ಹಾವೇರಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ನಾನು ಕೊಡೆಯನ್ನು ಮಾತ್ರ ಒಂದು ದಿನವೂ ಬೇಕಾದ ಹೊತ್ತಿಗೆ ಒಯ್ದವನಲ್ಲ. ಆದರೆ ಮಾರ್ಚಿನಿಂದ ಮೇ ತನಕ ಆಕಾಶ ಹೇಗಿರುತ್ತದೆಂದು ಫೆಬ್ರುವರಿಯಲ್ಲೇ ಸ್ಟಾಫ್ ರೂಮಿನಲ್ಲಿ ಸಾರುವ ಧೈರ್ಯ ನನಗುಂಟು.

ಆ ವರ್ಷ ಪತ್ರಿಕೆಯಲ್ಲಿ ವಸಂತದ ಮೂರು ತಿಂಗಳು ಮಳೆ ವಾಡಿಕೆಗಿಂತ ಕಡಿಮೆ ಎಂದು ಮುನ್ಸೂಚನೆ ಬಂದಿತ್ತು. ವಸಂತ! ನಮ್ಮ ಕಡೆ ಆ ಋತು ಪಂಚಾಂಗದಲ್ಲಿದೆ, ಲಗ್ನಪತ್ರಿಕೆಯಲ್ಲಿದೆ. ಬಯಲಲ್ಲಿ ಮಾತ್ರ ಶಿವರಾತ್ರಿ ಮುಗಿಯುತ್ತಲೇ ಬೇಸಿಗೆ. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ನಿಂತವರ ಮುಂದೆ ವಸಂತ ಅಂದರೆ ನಕ್ಕಾರು. ನಾನು ಮಾತ್ರ ಮರುಳಾಗಿ, ಆ ತುಣುಕನ್ನು ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡು ಅಗಡಿಗೆ, ಅಕ್ಕನ ಮನೆಗೆ ಹೋದೆ.

ಭಾವ ತೀರಿಕೊಂಡ ಮೇಲೆ ಅಕ್ಕ ತಾನೇ ನಿಂತು ಬೆಳೆದ ಮೊದಲ ಮೆಣಸಿನಕಾಯಿ ಅದು. ಹೆಂಗಸಿಗೆ ಇದು ನೀಗುವ ಕೆಲಸವಲ್ಲ, ಹೊಲ ತನಗೆ ಪಾಲಿಗೆ ಕೊಡಲಿ ಎಂದು ಅವಳ ಮೈದುನ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಬ್ಯಾಡಗಿ ಪೇಟೆಯಲ್ಲಿ ಕಾಯಿ ಒಳ್ಳೆಯದೆನಿಸಿಕೊಂಡರೆ ಹೊಲ ತನ್ನ ಕೈಯಲ್ಲೇ, ಇಲ್ಲದಿದ್ದರೆ ಕೊಟ್ಟುಬಿಡುತ್ತೇನೆ ಎಂದು ಅಕ್ಕ ಅವನಿಗೆ ಮಾತು ಕೊಟ್ಟಿದ್ದಳು. ಆ ಪೇಟೆಯಲ್ಲಿ ಕಾಯಿಯ ಮರ್ಯಾದೆಯೆಲ್ಲ ಬಣ್ಣದಲ್ಲಿ. ಒಣಗುವಾಗ ನೀರು ತಾಗಿದರೆ ಕಲೆ ಬಿತ್ತೆಂದೇ ಲೆಕ್ಕ.

ಕಣದಲ್ಲಿ ಹರವಿದ ಕಾಯಿಯನ್ನು ಅಕ್ಕ ದಿನಾ ಸಂಜೆ ಬಳಿದು, ರಾಶಿ ಹಾಕಿ ಗುಂಪಿ ಮಾಡಿ, ತಾಡಪತ್ರಿ ಹೊದಿಸಿ, ಬೆಳಿಗ್ಗೆ ಮತ್ತೆ ಹರವುತ್ತಿದ್ದಳು. ಮೋಡವಿರಲಿ ಬಿಡಲಿ, ಅಲ್ಲಿಯ ಪದ್ಧತಿಯೇ ಅದು. ಅವಳು ಸೊಂಟ ಹಿಡಿದುಕೊಂಡು ಏಳುವುದನ್ನು ನೋಡಿ ಕಿಸೆಗೆ ಕೈ ಹಾಕಿದೆ. ತುಣುಕು ತೆಗೆದು ಓದಿದೆ. ಗಾಳಿಯ ಒತ್ತಡ, ಸಮುದ್ರದ ಬಿಸಿ ಎಂದೆಲ್ಲ ಪಾಠ ಮಾಡಿ, ಇನ್ನು ಈ ಗುಂಪಿ ಮಾಡುವ ತ್ರಾಸೇ ಬೇಡ ಎಂದೆ. ಅಕ್ಕ ಅನುಮಾನಿಸಿದಳು. ಆದರೆ ತಮ್ಮ ಓದಿದವನೆಂಬ ಅಭಿಮಾನ ಅವಳಿಗೆ ಬಹಳ. ಅಂದಿನಿಂದ ಕಾಯಿ ಹರವಿದಂತೆಯೇ ಉಳಿಯಿತು.

ನಾಲ್ಕನೆಯ ದಿನ ದೀಪ ಹಚ್ಚುವ ಹೊತ್ತಿಗೆ ಗುಡುಗಿ, ಅರ್ಧ ತಾಸು ಮಳೆ ಹೊಡೆಯಿತು. ಅಷ್ಟು ಅಗಲದ ಕಣವನ್ನು ಒಬ್ಬಳೇ ಬಳಿಯುವುದು ಎಲ್ಲಿಂದ? ಮರುದಿನ ಹಾವೇರಿಯಿಂದ ಮೊದಲ ಬಸ್ಸಿಗೆ ಅಗಡಿಗೆ ಹೋದೆ. ಸುತ್ತಲಿನವರ ಗುಂಪಿಗಳು ತಾಡಪತ್ರಿ ಹೊದ್ದು ಆರಾಮಾಗಿ ಕುಳಿತಿದ್ದವು. ಅಕ್ಕನ ಕಾಯಿ ಮಾತ್ರ ತೊಯ್ದು ಮೆತ್ತಗಾಗಿತ್ತು. ಅಕ್ಕ ನೀರು ಬಸಿದು ಮತ್ತೆ ಹರವತೊಡಗಿದ್ದಳು. ನನಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು.

ಶಾಲೆಗೆ ರಜೆ ಹಾಕಿ, ಒಣಗಿದ ಮೇಲೆ ಒಂದೊಂದೇ ಕಾಯಿ ಆರಿಸಲು ಕುಳಿತೆ. ಸೀನಿ ಸೀನಿ ಸುಸ್ತಾದೆ. ಅದೇ ಕೈಯಿಂದ ಕಣ್ಣೊರೆಸಿಕೊಂಡು ಕುಣಿದೂ ಕುಣಿದೆ. ನಮ್ಮ ಹಿರಿಯರು ಮಳೆಯನ್ನು ಅಶ್ವಿನಿ, ಭರಣಿ ಎಂದು ನಕ್ಷತ್ರಕ್ಕೊಂದರಂತೆ ಎರಡೆರಡು ವಾರದ ತುಂಡು ಮಾಡಿಟ್ಟಿದ್ದರು. ಮೂರು ತಿಂಗಳನ್ನು ಒಂದೇ ತುತ್ತಿಗೆ ನುಂಗುವ ದುರಾಸೆ ಅವರಿಗಿರಲಿಲ್ಲ. ಇಷ್ಟೆಲ್ಲ ಹೊಳೆದ ಮೇಲೂ, ಕಲೆ ಬಿದ್ದದ್ದನ್ನು ಚೀಲದ ತಳಕ್ಕೆ ಹಾಕಿದರಾಯಿತು ಎಂದು ಮತ್ತೊಂದು ಉಪದೇಶ ಕೊಟ್ಟೆ. ಈ ಸಲ ಅಕ್ಕ ಕೇಳಲಿಲ್ಲ. ಕೆಟ್ಟದ್ದನ್ನು ಬೇರೆಯೇ ಕಟ್ಟಿ, ಕೆಟ್ಟದ್ದೆಂದೇ ಹೇಳಿ, ಬ್ಯಾಡಗಿಗೆ ತಾನೇ ಒಯ್ದಳು. ಒಳ್ಳೆಯ ಕಾಯಿಯ ಚೀಲಗಳು ಉಳಿದದ್ದು ಅರ್ಧಕ್ಕರ್ಧ. ಆದರೂ ವ್ಯಾಪಾರಿ ಬೊಗಸೆ ತುಂಬಿಕೊಂಡು, ಬೆಳಕಿಗೆ ಹಿಡಿದು, ಬಣ್ಣಕ್ಕೆ ತಲೆದೂಗಿದ. ಮಾತಿನಂತೆ ಹೊಲ ಅಕ್ಕನ ಕೈಯಲ್ಲೇ ಉಳಿಯಿತು; ಮೈದುನ ಊರೆಲ್ಲ ಹೇಳಿಕೊಂಡು ತಿರುಗುವುದನ್ನು ಬಿಟ್ಟ.

ಜೂನ್‌ನಲ್ಲಿ ಪತ್ರಿಕೆಯವರು ಹಿಂದಿನ ಮೂರು ತಿಂಗಳ ಲೆಕ್ಕ ಹಾಕಿದರು: ಮಳೆ ವಾಡಿಕೆಗಿಂತ ಕಡಿಮೆಯೇ! ನಿರಪರಾಧಿಯಾದ ಖುಷಿಯಲ್ಲಿ ಅಗಡಿಗೆ ಓಡಿದೆ. ಅಕ್ಕ ಅದೇ ಹೊಲದಲ್ಲಿ ಕುಂಟೆ ಹೊಡೆಸುತ್ತಿದ್ದಳು. ಬದುವಿನ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡಳು.

"ಅವರು ಮೂರು ತಿಂಗಳದ ಮಾತು ಹೇಳ್ಯಾರ, ಖರೇನ ಹೇಳ್ಯಾರ," ಎಂದಳು. "ಆ ಸಂಜೀ ಮಾತು ಅವರು ಹೇಳಿದ್ದಿಲ್ಲ ತಮ್ಮಾ. ಅದನ್ನ ಹೇಳಿದಾಂವ ನೀನು."

ಬೈದು ಹೇಳಿದ್ದರೆ ವಾದಿಸುತ್ತಿದ್ದೆ. ನಕ್ಕು ಹೇಳಿದಳು, ಒಪ್ಪಿಕೊಂಡೆ.