ಮಥುರಾ ಅತ್ಯಾ ಕಾರಿಗೆ ಎಣ್ಣೆ ತುಂಬಿಸಿದ್ದು

ಅರ್ಧ ಎಂಬ ಮಾತು ನಮ್ಮ ಮಥುರಾ ಅತ್ಯಾಗೆ ಆಗಿಬರುತ್ತಿರಲಿಲ್ಲ. ಊಟಕ್ಕೆ ಕೂತವರು ಅರ್ಧ ಹೋಳಿಗೆ ಸಾಕು ಎಂದರೆ ಎರಡು ಬೀಳುತ್ತಿದ್ದವು. ಎಲೆಗೆ ಕೈ ಅಡ್ಡ ಹಿಡಿದರೆ ಕೈಮೇಲೆಯೇ ತುಪ್ಪ ಸುರಿಯುವ ಹೆಂಗಸು. ನಾನು ಹಾವೇರಿಯಲ್ಲಿ ಮಾಸ್ತರಿಕೆಗೆ ಸೇರಿ ಅವಳ ಮನೆಯಲ್ಲೇ ಉಳಿದುಕೊಂಡ ಮೇಲೆ ನನ್ನ ಅಂಗಿಯ ಗುಂಡಿಗಳೆಲ್ಲ ಜಾಗ ಬದಲಿಸಬೇಕಾಯಿತು. ಅವಳು ನನ್ನ ತಂದೆಯ ತಂಗಿ, ಅಗಡಿಯಲ್ಲಿ ಹುಟ್ಟಿದವಳು. ಗಂಡ ರಾಘಣ್ಣ ಮಾಮಾ ಹಾವೇರಿಯ ವಕೀಲ. ಮಾಮಾನ ಮಾತು ಕೋರ್ಟಿನಲ್ಲಿ ನಡೆಯುತ್ತಿತ್ತು, ಮನೆಯಲ್ಲಿ ನಡೆದದ್ದನ್ನು ನಾನಂತೂ ಕಂಡಿಲ್ಲ.

ಮಾಮಾ ಯಾರದೋ ಕೈಯಿಂದ ಒಂದು ಹಳೆಯ ಕಾರು ಕೊಂಡಿದ್ದ. ಅದನ್ನು ನಡೆಸುವವನು ಬ್ಯಾಡಗಿಯ ಅಲ್ಲಾವುದ್ದೀನ. ಆ ಕಾರು ಮನಸ್ಸು ಬಂದರೆ ಓಡುತ್ತಿತ್ತು, ಬರದಿದ್ದರೆ ಇಲ್ಲ. ಮಗಳು ನಲಿನಿಯ ಮದುವೆಯ ದಿನವೇ ಅದಕ್ಕೆ ಮನಸ್ಸು ಬರಲಿಲ್ಲ. ರಾಣೆಬೆನ್ನೂರಿನಿಂದ ರೈಲಿಗೆ ಬಂದಿಳಿದ ಬೀಗರನ್ನು ಸ್ಟೇಶನ್ನಿನಿಂದ ಚಕ್ಕಡಿಯಲ್ಲಿ ಕರೆತರಬೇಕಾಯಿತು. ಕಾರು ಕೆಟ್ಟಿದೆ ಎಂದು ಎಷ್ಟು ಹೇಳಿದರೂ ನಲಿನಿಯ ಅತ್ತೆ ಅನಸೂಯಾಬಾಯಿಯವರು ನಂಬಲಿಲ್ಲ. ಅಂಗಳದಲ್ಲಿ ಕಾರು ಫಳಫಳ ಹೊಳೆಯುತ್ತ ನಿಂತಿತ್ತು, ನಂಬುವುದಾದರೂ ಹೇಗೆ? ತಮ್ಮನ್ನು ಬೇಕೆಂದೇ ಚಕ್ಕಡಿಯಲ್ಲಿ ಕೂರಿಸಿ ಕೀಳು ಮಾಡಿದರು ಎಂದು ಅವರು ಮನಸ್ಸಿನಲ್ಲಿ ಗಂಟು ಹಾಕಿಕೊಂಡರು.

ಆ ಗಂಟಿಗೆ ಸಿಕ್ಕಿಕೊಂಡವಳು ನಲಿನಿ. ಆಷಾಢಕ್ಕೆಂದು ತವರಿಗೆ ಬಂದವಳನ್ನು ಶ್ರಾವಣದಲ್ಲಿ ಕರೆಯಲು ಬರಲಿಲ್ಲ, ದಸರೆ ಮುಗಿದರೂ ಬರಲಿಲ್ಲ. ಗಂಡ ಪ್ರಲ್ಹಾದ ಒಳ್ಳೆಯವನೇ, ಆದರೆ ತಾಯಿಯ ಮಾತು ಮೀರುವವನಲ್ಲ. ಓಣಿಯ ಹೆಂಗಸರು ಅರಿಷಿಣ ಕುಂಕುಮಕ್ಕೆ ಬಂದಾಗ 'ನಲಿನಿ ಇನ್ನೂ ಇಲ್ಲೇ ಇದ್ದಾಳಲ್ಲ?' ಎಂದು ಕೇಳತೊಡಗಿದರು. ಕೇಳಿದವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ನಲಿನಿ ಮಾತ್ರ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು.

ಕೊನೆಗೆ ರಾಣೆಬೆನ್ನೂರಿನಿಂದ ಮಾತು ಬಂತು. ಅಳಿಯನನ್ನು ಮೊದಲ ದೀಪಾವಳಿಗೆ ಕರೆಯುವುದಿದ್ದರೆ ಬೀಗತಿ ತಾನೇ ಬರಲಿ, ಅದೇ ಕಾರಿನಲ್ಲಿ ಬರಲಿ. ಬಂದರೆ ಅಳಿಯನೂ ಬರುತ್ತಾನೆ, ಹಬ್ಬ ಮುಗಿಸಿ ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತಾನೆ. ಬರದಿದ್ದರೆ ನಲಿನಿ ತವರಿನಲ್ಲೇ ಇರಲಿ.

ಇದು ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷದ ಮಾತು. ನರಕ ಚತುರ್ದಶಿಯ ನಸುಕಿನಲ್ಲಿ ಅಳಿಯನಿಗೆ ಎಣ್ಣೆಸ್ನಾನ ಆಗಬೇಕಾದರೆ ಮುನ್ನಾದಿನ ದೀಪ ಹಚ್ಚುವ ಹೊತ್ತಿಗೆ ಅವನು ಹಾವೇರಿಯಲ್ಲಿರಬೇಕು. ಮುನ್ನಾದಿನವೆಂದರೆ ನೀರು ತುಂಬುವ ಹಬ್ಬ. ಎಲ್ಲರ ಮನೆಯಲ್ಲೂ ಸಂಜೆ ತುಂಬುತ್ತಾರೆ, ಅತ್ಯಾ ಬೀಗರ ಊರಿಗೆ ಹೊರಡಬೇಕಲ್ಲ ಎಂದು ಬೆಳಿಗ್ಗೆಯೇ ಶುರುಮಾಡಿದಳು. ಬಚ್ಚಲ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬರೆದು, ಕೊರಳಿಗೆ ಹಿಂಡಲಬಳ್ಳಿ ಸುತ್ತಿ, ನೀರು ತುಳುಕುವವರೆಗೂ ತುಂಬಿದಳು. ಆಮೇಲೆ ಕೊಡ, ತಂಬಿಗೆ, ಪಂಚಪಾತ್ರೆ. ಆ ದಿನ ಮನೆಯಲ್ಲಿ ಯಾವುದೂ ಅರ್ಧ ಇರಬಾರದು ಎಂಬುದು ಅವಳ ನೇಮ. ಉಪ್ಪಿನ ಭರಣಿ ತುಂಬಿತು, ಅಕ್ಕಿಯ ಡಬ್ಬಿ ತುಂಬಿತು, ಮಾಮಾನ ಮಸಿಕುಡಿಕೆಯೂ ತುಂಬಿ ಮೇಜಿನ ಮೇಲೆ ಒಂದಿಷ್ಟು ಚೆಲ್ಲಿತು.

ಅಷ್ಟರಲ್ಲಿ ಅಂಗಳದಲ್ಲಿ ಅಲ್ಲಾವುದ್ದೀನ ಮಾಮಾನಿಗೆ ಹೇಳುವುದು ಅವಳ ಕಿವಿಗೆ ಬಿತ್ತು.

"ಇಂಜಿನ್ನಿನ ಎಣ್ಣಿ ಒಂದೀಟು ಕಮ್ಮಿ ಆಗೇತ್ರಿ ಸಾಹೇಬ್ರ. ಊಟಾ ಮಾಡಿ ಬಂದು ಹಾಕತೇನಿ."

ಕಮ್ಮಿ! ಅದೂ ನೀರು ತುಂಬುವ ದಿನ! ಅಲ್ಲಾವುದ್ದೀನ ಊಟಕ್ಕೆ ಹೋದ, ಮಾಮಾ ಪೂಜೆಗೆ ಕೂತ. ಎಣ್ಣೆಯನ್ನು ಎಲ್ಲಿ ಹಾಕುತ್ತಾರೆ ಎಂಬುದನ್ನು ಅತ್ಯಾ ಹಿಂದೆ ನಿಂತು ನೋಡಿದ್ದಳು. ಹೊಸ ಡಬ್ಬಿ ತಂದು ಸುರಿದಳು. ಇಣುಕಿದರೆ ಎಣ್ಣೆ ಕಾಣಲಿಲ್ಲ. ಮತ್ತೆ ಸುರಿದಳು. ಡಬ್ಬಿ ಬರಿದಾದರೂ ಬಾಯಿಯವರೆಗೆ ಬರಲಿಲ್ಲವಲ್ಲ ಎಂದು ಅವಳಿಗೆ ಬಹಳ ಕೆಟ್ಟೆನಿಸಿತಂತೆ. ಅಡುಗೆಮನೆಯ ಕುಸುಬಿ ಎಣ್ಣೆಯನ್ನೂ ತಂದು ಹಾಕುತ್ತಿದ್ದಳೇನೋ, ಆದರೆ ಅದು ಮಡಿಯ ಎಣ್ಣೆ, ಕಾರು ಮೈಲಿಗೆ. ಆ ಮಡಿ ನಮ್ಮನ್ನು ದೊಡ್ಡ ಗಂಡಾಂತರದಿಂದ ಉಳಿಸಿತು. ಕೊನೆಗೆ ಮುಚ್ಚಳಕ್ಕೆ ಕುಂಕುಮ ಹಚ್ಚಿ, ಸೇವಂತಿಗೆ ಹೂವಿಟ್ಟು ಒಳಗೆ ಬಂದಳು.

ಊಟದಿಂದ ಬಂದ ಅಲ್ಲಾವುದ್ದೀನ ಬರಿದಾದ ಡಬ್ಬಿಯನ್ನೂ ಹೂವನ್ನೂ ನೋಡಿ, ಎಣ್ಣೆ ಹಾಕಿದವರು ಸಾಹೇಬರೇ ಎಂದುಕೊಂಡ. ಬೇಕಾದಷ್ಟು ಹಾಕಿ ಉಳಿದದ್ದನ್ನು ಬೇರೆ ಕಡೆ ತೆಗೆದಿಟ್ಟಿರಬೇಕು ಎಂದು ಸುಮ್ಮನಾದ. ನಾವು ಹೊರಟೆವು. ಅತ್ಯಾ ಹಿಂದೆ ಕೂತಿದ್ದಳು, ತೊಡೆಯ ಮೇಲೆ ಬೀಗರಿಗೆಂದು ಬೇಸನ್ ಉಂಡಿ ತುಂಬಿದ ದೊಡ್ಡ ಹಿತ್ತಾಳೆ ಡಬ್ಬಿ. ಮುಚ್ಚಳ ಕೂರದಷ್ಟು ತುಂಬಿತ್ತು. ಜೊತೆಗೊಬ್ಬ ಗಂಡಸು ಇರಲಿ ಎಂದು ನಾನು ಮುಂದೆ. ದಾರಿಯುದ್ದಕ್ಕೂ ಅತ್ಯಾ ಬೀಗತಿಯ ಮುಂದೆ ಆಡಬೇಕಾದ ಮಾತುಗಳನ್ನು ಬಾಯಲ್ಲೇ ಮಣಮಣ ಹೇಳಿಕೊಳ್ಳುತ್ತಿದ್ದಳು.

ಬ್ಯಾಡಗಿಯ ದಾರಿ ಕವಲೊಡೆಯುವ ಮೋಟೆಬೆನ್ನೂರಿನ ಹತ್ತಿರ ಬರುವಷ್ಟರಲ್ಲಿ ನಮ್ಮ ಹಿಂದೆ ರಸ್ತೆಯೇ ಕಾಣದಾಯಿತು. ನೀಲಿ ಹೊಗೆ, ಕಣ್ಣುರಿಸುವ ಕಮಟು ವಾಸನೆ. ಕಾರು ಎರಡು ಸಲ ಸೀನಿತು, ಕುಪ್ಪಳಿಸಿತು, ನಿಂತೇಬಿಟ್ಟಿತು.

ಅಲ್ಲಾವುದ್ದೀನ ಮುಂದಿನ ಮುಚ್ಚಳ ಎತ್ತಿ, ಎಣ್ಣೆಯ ಅಳತೆಕಡ್ಡಿ ಎಳೆದು ನೋಡಿ ಹೌಹಾರಿದ. ಗೆರೆ ಮುಳುಗಿ, ಕಡ್ಡಿಯ ಮೇಲಿನ ತನಕ ಎಣ್ಣೆ.

"ಇದರಾಗ ಇಷ್ಟ ಎಣ್ಣಿ ಯಾರು ಸುರದಾರ್ರಿ?"

ನಾನು ಅವನ ಮೇಲೆಯೇ ಹರಿಹಾಯ್ದೆ. "ನಿನ್ನ ಬಿಟ್ಟ ಮತ್ಯಾರು ಹಾಕ್ತಾರೋ? ಹೊರಡೂ ಮುಂದ ಕಡ್ಡಿ ನೋಡಲಿಕ್ಕೆ ಏನಾಗಿತ್ತು?"

"ಅವಗ ಬೈಬ್ಯಾಡೋ ಅಣ್ಣಾಜಿ," ಎಂದಳು ಅತ್ಯಾ, ಕಾರಿನಿಂದ ಇಳಿಯುತ್ತ. "ನಾನ ಹಾಕೀನಿ. ತುಂಬೋ ಹಬ್ಬದ ದಿನಾ ಕಮ್ಮಿ ಇರಬಾರದಂತ ಡಬ್ಬಿ ಪೂರಾ ಸುರುವೀನಿ."

ಅಲ್ಲಾವುದ್ದೀನ ಮುಖ ಆಚೆ ತಿರುಗಿಸಿದ. ಅವನ ಹೆಗಲು ಅಲುಗುತ್ತಿದ್ದುದರಿಂದ ನಗುತ್ತಿದ್ದಾನೆಂದು ಗೊತ್ತಾಯಿತು. ನನಗೆ ನಗು ಬರಲಿಲ್ಲ. ಅತ್ಯಾ ದಾರಿಯ ಕಲ್ಲಿನ ಮೇಲೆ ಕೂತುಬಿಟ್ಟಿದ್ದಳು.

"ನನ್ನ ಕೈಯಾರೆ ಮಗಳ ಸಂಸಾರ ಕೆಡಿಸಿಬಿಟ್ಟೆನಲ್ಲೋ. ಈ ಸಲಾನೂ ಕಾರು ಕೆಟ್ಟದ ಅಂದ್ರ ಅವರು ನಂಬ್ತಾರೇನು?"

ಅವಳ ಕಣ್ಣಲ್ಲಿ ನೀರು ಕಂಡದ್ದು ನನಗೆ ಅದೇ ಮೊದಲು.

"ಕೆಟ್ಟಿಲ್ಲ ತಗೋರಿ ಬಾಯಾರ," ಎಂದ ಅಲ್ಲಾವುದ್ದೀನ. "ಹೆಚ್ಚಾದದ್ದು ತಗದ್ರ ಆತು. ಒಂದು ಪಾತ್ರಿ ಬೇಕು ನೋಡ್ರಿ."

ಪಾತ್ರೆ ಎಂದರೆ ಇದ್ದದ್ದು ಉಂಡಿಯ ಡಬ್ಬಿ ಒಂದೇ. ನೆಲಕ್ಕೇ ಬಿಟ್ಟುಬಿಡು ಎಂದೆ ನಾನು. ಹಬ್ಬದ ದಿನ ಎಣ್ಣೆಯನ್ನು ಮಣ್ಣಿಗೆ ಚೆಲ್ಲುವುದುಂಟೇ ಎಂದು ಅತ್ಯಾ ಆ ದುಃಖದಲ್ಲೂ ನನ್ನ ಮೇಲೆ ಕಣ್ಣು ಕೆಕ್ಕರಿಸಿದಳು. ನನ್ನ ಶಲ್ಯ ಬಿಡಿಸಿ ಉಂಡಿಗಳನ್ನೆಲ್ಲ ಅದರಲ್ಲಿ ಸುರಿದು, ಡಬ್ಬಿಯನ್ನು ಕಾರಿನ ಕೆಳಗೆ ನೂಕಿದಳು. ಅಲ್ಲಾವುದ್ದೀನ ಅಂಗಾತ ಮಲಗಿ ಕೆಳಗಿನ ಬಿರಡೆ ಸಡಿಲಿಸಿದ. ಎಣ್ಣೆ ದಳದಳ ಇಳಿಯಿತು. ರಸ್ತೆ ಇಳಿಜಾರಾಗಿದ್ದರಿಂದ ಡಬ್ಬಿ ವಾಲತೊಡಗಿತು. ನನ್ನ ಕೈತುಂಬ ಉಂಡಿಯ ಗಂಟು. ಅತ್ಯಾ ಮೊಣಕಾಲೂರಿ, ಕಾರಿನ ಕೆಳಗೆ ಎರಡೂ ಕೈ ಚಾಚಿ ಡಬ್ಬಿಯನ್ನು ಹಿಡಿದುಕೊಂಡಳು. ಬಳೆಗಳ ತನಕ ಕೈ ಕಪ್ಪಾಯಿತು, ಇಳಕಲ್ ಸೀರೆಯ ಸೆರಗಿಗೂ ತಗುಲಿತು.

ಅಲ್ಲಾವುದ್ದೀನ ಪ್ಲಗ್ಗುಗಳನ್ನು ಬಿಚ್ಚಿ ಒರೆಸುತ್ತಿದ್ದಾಗ ಶೇಂಗಾ ಹೇರಿದ ಚಕ್ಕಡಿಯೊಂದು ಬಂತು. ಗಾಲಿಯ ಕಿರುಚಾಟ ದೂರದಿಂದಲೇ ಕೇಳುತ್ತಿತ್ತು. ಕರ್ಜಗಿಯ ತಿರಕಪ್ಪ, ಪಕ್ಕದಲ್ಲಿ ಹೆಂಡತಿ ಕರೆವ್ವ, ಬ್ಯಾಡಗಿಯ ಪ್ಯಾಟಿಗೆ ಹೊರಟವರು. ಡಬ್ಬಿ ಕಂಡು ತಿರಕಪ್ಪ ಎತ್ತು ನಿಲ್ಲಿಸಿದ.

"ಕೀಲೆಣ್ಣಿಗೆ ಬರತೈತೇನ್ರೀ ಇದು?"

"ಒಯ್ಯಪಾ, ಎಲ್ಲಾ ಒಯ್ಯಿ," ಎಂದಳು ಅತ್ಯಾ.

ಅವನು ಗಾಲಿಗೆ ಸುರಿದುಕೊಂಡು, ಉಳಿದದ್ದನ್ನು ತನ್ನ ಕೀಲೆಣ್ಣೆಯ ಬಿದಿರಿನ ಗೊಟ್ಟಕ್ಕೆ ತುಂಬಿಕೊಂಡ. ಕರೆವ್ವ ಚಕ್ಕಡಿಯಿಂದ ಇಳಿದು ಬಂದು, ನಾವು ಎಲ್ಲಿಗೆ ಹೊರಟಿದ್ದೇವೆಂದು ಕೇಳಿ ತಿಳಿದುಕೊಂಡಳು. "ಬೀಗರ ಮನಿಗೆ ಹೊಂಟೀರಿ, ಬರೀ ಉಡಿಲೆ ಹೋಗಬಾರದ್ರೀ ಅವ್ವಾರ," ಎಂದು ಎರಡು ಬೊಗಸೆ ಶೇಂಗಾ ತೆಗೆದು ಅತ್ಯಾನ ಉಡಿಗೆ ಹಾಕಿದಳು.

ಕಾರು ಕೆಮ್ಮಿ ಎದ್ದಿತು. ಒಂದಷ್ಟು ದೂರ ಹೊಗೆ ಬಿಟ್ಟಿತು, ಕಾಕೋಳ ದಾಟುವಷ್ಟರಲ್ಲಿ ಅದೂ ತೆಳ್ಳಗಾಯಿತು. ನನಗೆ ಉಸಿರು ಬಂದಂತಾಯಿತು.

ರಾಣೆಬೆನ್ನೂರು ಮುಟ್ಟಿದಾಗ ಬಿಸಿಲು ಇಳಿದಿತ್ತು. ಅನಸೂಯಾಬಾಯಿಯವರು ಬಾಗಿಲಲ್ಲೇ ನಿಂತಿದ್ದರು, ಮುಖ ಬಿಗಿದುಕೊಂಡು. ಹಿಂದೆ ಪ್ರಲ್ಹಾದ, ಪಾಪ, ಹೊಸ ಅಂಗಿ ತೊಟ್ಟು ಯಾವಾಗಿನಿಂದ ಕಾಯುತ್ತಿದ್ದನೋ. ಅತ್ಯಾ ಇಳಿದಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ!

"ಕ್ಷಮಾ ಮಾಡ್ರಿ ವೈನಿ, ತಡಾ ಆತು," ಎಂದಳು. "ನೀರು ತುಂಬೋ ಹಬ್ಬ ಅಂತ ಕಾರಿಗೂ ಎಣ್ಣಿ ತುಂಬಿಸಿಬಿಟ್ಟೆ. ಅದಕ್ಕ ದಾರ್ಯಾಗ ನಿಂತಬಿಡ್ತು."

ಅನಸೂಯಾಬಾಯಿಯವರು ಅವಳ ಕೈ ನೋಡಿದರು, ಸೆರಗು ನೋಡಿದರು.

"ಪೂರಾ ತುಂಬಿಸಿದ್ರೇನು?"

"ಒಂದು ಡಬ್ಬಿ ಪೂರಾ. ಆದರೂ ಬಾಯಿತನಕಾ ಬರಲಿಲ್ಲ."

"ಮನ್ಯಾಗಿನ ಎಣ್ಣಿ ಹಾಕಲಿಲ್ಲಾ? ನಾನಾಗಿದ್ರ ಅದನ್ನೂ ಸುರುವಿ ಬರ್ತಿದ್ದೆ," ಎಂದವರೇ ಅನಸೂಯಾಬಾಯಿಯವರು ನಗತೊಡಗಿದರು. ಎಂಥ ನಗು! ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, "ಅಂದ್ರ, ಮದುವಿ ದಿನಾನೂ ಇದು ಖರೇನ ಕೆಟ್ಟಿತ್ತೇನು?"

"ದೇವರಾಣಿ ಕೆಟ್ಟಿತ್ತು ವೈನಿ."

"ಅವತ್ತ ನಿಮ್ಮ ಕೈ ಬೆಳ್ಳಗಿದ್ವು. ನಾ ಹೆಂಗ ನಂಬಲಿ?"

ಅಷ್ಟು ಹೇಳಿ ಅವರು ಒಳಗಿನಿಂದ ಎಣ್ಣೆಯ ಬಟ್ಟಲು ತಂದರು. ಆ ಕಪ್ಪು ನೀರಿಗೆ ಹೋಗುವಂಥದ್ದಲ್ಲ, ಎಣ್ಣೆ ಹಚ್ಚಿಯೇ ತೆಗೆಯಬೇಕು. ಅತ್ಯಾ ಬೇಡ ಬೇಡ ಎನ್ನುತ್ತಿದ್ದರೂ ಜಗುಲಿಯ ಮೇಲೆ ಕೂರಿಸಿ, ಅವಳ ಕೈಗಳನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಬೆರಳು ಬೆರಳಿಗೂ ಕುಸುಬಿ ಎಣ್ಣೆ ತಿಕ್ಕಿದರು. ಗಂಡಿನ ತಾಯಿ ಹೆಣ್ಣಿನ ತಾಯಿಯ ಕೈ ತಿಕ್ಕುವುದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಪ್ರಲ್ಹಾದ ನನ್ನ ಶಲ್ಯದ ಗಂಟು ಬಿಚ್ಚಿ ಉಂಡಿ ತಿನ್ನುತ್ತ ನಿಂತಿದ್ದ.

ಹೊರಡುವಾಗ ಅನಸೂಯಾಬಾಯಿಯವರೂ ಸೀರೆಯ ಗಂಟು ಕಟ್ಟಿಕೊಂಡು ಬಂದು ಕಾರಿನಲ್ಲಿ ಕೂತರು. "ಸೊಸಿನ್ನ ನಾನ ಕರ್ಕೊಂಡು ಬರ್ತೀನಿ," ಎಂದರು. ಅಲ್ಲಾವುದ್ದೀನ ಮತ್ತೊಮ್ಮೆ ಕಡ್ಡಿ ಎಳೆದು ನೋಡಿ, ನಮ್ಮೆಲ್ಲರ ಮುಖ ನೋಡಿ, ಕಾರು ಬಿಟ್ಟ. ಕಾರು ಒಂದು ಸಲವೂ ನಿಲ್ಲಲಿಲ್ಲ.

ಹಾವೇರಿಯಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ನಲಿನಿ ಪಣತಿ ಹಿಡಿದು ಕಟ್ಟೆಯ ಮೇಲೆ ನಿಂತಿದ್ದಳು. ಕಾರಿನಿಂದ ಗಂಡ ಇಳಿದ, ಅವನ ಹಿಂದೆ ಅತ್ತೆಯೂ ಇಳಿದರು. ಪಣತಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಅದನ್ನು ನನ್ನ ಕೈಗೇ ಕೊಟ್ಟು ನಮಸ್ಕಾರಕ್ಕೆ ಓಡಿದಳು.

ಅತ್ಯಾ ಕಟ್ಟೆಯ ಮೇಲೆ ಕುಸಿದು ಕೂತು, "ಕುಡೀಲಿಕ್ಕೆ ನೀರು ಕೊಡವಾ," ಎಂದಳು. ನಲಿನಿ ಒಳಗೆ ಹೋಗಿ ಬಂದಳು. ಸಂಭ್ರಮದಲ್ಲಿ ಅರ್ಧ ಚೆಲ್ಲಿಕೊಂಡೇ ತಂದಿದ್ದಳು. ಈಗ ಬೈಗುಳ ಬೀಳುತ್ತದೆ ಎಂದು ನಾನು ಕಾದೆ. ಅತ್ಯಾ ತಂಬಿಗೆಯೊಳಗೆ ಒಮ್ಮೆ ಇಣುಕಿದಳು, ಮಗಳ ಮುಖ ನೋಡಿದಳು, ಆ ಅರ್ಧ ತಂಬಿಗೆ ನೀರನ್ನು ಗಟಗಟನೆ ಕುಡಿದು, "ಸಾಕು," ಎಂದಳು.