ಸೀರೆ ಉಡಿಸುವ ಭಾಗ್ಯಜ್ಯೋತಿಯ ಮಾತ್ರೆ

ಬಿಟಿಎಂ ಲೇಔಟ್‌ನ ನಮ್ಮ ಮನೆಯ ಮಹಡಿಗೆ ಭಾಗ್ಯಜ್ಯೋತಿ ಬಾಡಿಗೆಗೆ ಬಂದಾಗ ಅವಳ ಉದ್ಯೋಗ ಕೇಳಿ ನನಗೆ ನಗು ಬಂದಿತ್ತು. ಸೀರೆ ಉಡಿಸುವುದಂತೆ! ಉಟ್ಟುಕೊಳ್ಳುವವರಿಗೆ ಕೈ ಇಲ್ಲವೇ ಎಂದು ಕೇಳಿಯೂಬಿಟ್ಟೆ. ಆಮೇಲೆ ಗೊತ್ತಾಯಿತು, ಈಗಿನ ಮದುಮಕ್ಕಳಿಗೆ ಕೈ ಇದೆ, ಉಡಲು ಬರುವುದಿಲ್ಲ. ಇವಳು ಹಿಂದಿನ ದಿನವೇ ರೇಷ್ಮೆ ಸೀರೆಯ ನೆರಿಗೆ ಹಿಡಿದು, ಇಸ್ತ್ರಿ ಮಾಡಿ, ಕ್ಲಿಪ್ ಹಾಕಿ ಮಡಚಿಡುತ್ತಾಳೆ. ಮದುವೆಯ ಬೆಳಿಗ್ಗೆ ಛತ್ರಕ್ಕೆ ಹೋಗಿ ಉಡಿಸುತ್ತಾಳೆ. ನೆರಿಗೆಯ ತುದಿ ನೆಲಕ್ಕೆ ಸಮವಾಗಿ ಬರಬೇಕಾದರೆ ಮದುಮಗಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂರಬೇಕು, ಎದ್ದು ಹಿಂದೆ ಸರಿದು ನೋಡಬೇಕು, ಮತ್ತೆ ಕೂರಬೇಕು. ಸೆರಗಿಗೆ ಪಿನ್ನು ಹಾಕುವಷ್ಟು ಹೊತ್ತೂ ಎರಡು ಕೈ ಮೇಲೇ ಇರಬೇಕು. ಹೇಳಿದಷ್ಟು ಸುಲಭದ ಕೆಲಸವಲ್ಲ.

ಗದಗ ಜಿಲ್ಲೆಯ ರೋಣದ ಕಡೆಯವಳು. ಗಂಡ ಬಸವಂತನಿಗೆ ಒಂದು ಕಂಪನಿಯ ಗೋದಾಮಿನಲ್ಲಿ ಕೆಲಸ. ಈ ವಿದ್ಯೆಯನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಮೊಬೈಲಿನಲ್ಲಿ ನೋಡಿಕೊಂಡು, ಮನೆಯ ಕಂಬಕ್ಕೆ ಸೀರೆ ಸುತ್ತಿ ಸುತ್ತಿ ಕಲಿತಳು. ಒಮ್ಮೆ ನನ್ನ ಹತ್ತಿರ ಹೇಳಿದ್ದಳು: "ಈ ಊರಾಗ ನಾ ಯಾರ್ಗೂ ಗೊತ್ತಿಲ್ರೀ ಆಂಟಿ. ಮದುವಿ ಮನ್ಯಾಗ ಮಾತ್ರ ಭಾಗ್ಯಕ್ಕ ಬಂದ್ರೇನು ಅಂತ ಕಾಯ್ಕೊಂಡಿರ್ತಾರ." ಆ ಕೆಲಸ ಅವಳಿಗೆ ಅಷ್ಟು ದೊಡ್ಡದು.

ಎರಡನೆಯ ವರ್ಷ ಅವಳು ಮೆಟ್ಟಿಲು ಹತ್ತುವ ರೀತಿಯೇ ಬದಲಾಯಿತು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು, ನಡುವೆ ನಿಂತು ಸುಧಾರಿಸಿಕೊಳ್ಳುವುದು. ತಲೆ ಬಾಚಲು ಕೈ ಎತ್ತಿದರೆ ತೋಳು ಸೋತು ಬೀಳುತ್ತದೆ, ತೊಡೆ ಯಾರೋ ಕುಟ್ಟಿದ ಹಾಗೆ ನೋಯುತ್ತದೆ, ಎಷ್ಟು ಮಲಗಿದರೂ ನಿದ್ದೆ ಸಾಲದು ಎಂದಳು. ಮುಖ ಬೇರೆ ಊದಿಕೊಂಡಿತ್ತು. ನನಗೂ ಥೈರಾಯ್ಡ್ ಇದೆ, ನಮ್ಮ ರಸ್ತೆಯಲ್ಲಿ ಮನೆಗೊಬ್ಬರಿಗೆ ಇದೆ. ಹೋಗಿ ರಕ್ತ ಕೊಟ್ಟು ಬಾ ಎಂದು ಗದರಿಸಿ ಕಳಿಸಿದೆ. ರಸ್ತೆಯ ಕೊನೆಯ ಕ್ಲಿನಿಕ್ಕಿನ ಡಾಕ್ಟರ್ ಅಂಜನಾ ರಿಪೋರ್ಟ್ ನೋಡಿ, ಥೈರಾಯ್ಡ್ ಗ್ರಂಥಿ ನಿಧಾನವಾಗಿದೆ, ಮೈಕೈ ನೋವು, ಸುಸ್ತು ಎಲ್ಲ ಅದರಿಂದಲೇ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ತಗೊಳ್ಳಿ ಎಂದರು.

ತಗೊಂಡಳು. ಒಂದು ದಿನವೂ ತಪ್ಪಿಸಲಿಲ್ಲ. ನೋವು ಮಾತ್ರ ಇದ್ದಲ್ಲೇ ಇತ್ತು. ಮತ್ತೆ ರಕ್ತ ಪರೀಕ್ಷೆ, ಮತ್ತೆ ಜಾಸ್ತಿ ಶಕ್ತಿಯ ಮಾತ್ರೆ, ಮತ್ತೆ ಅದೇ ಕೆಟ್ಟ ರಿಪೋರ್ಟು. ಡಾಕ್ಟರಿಗೂ ಅನುಮಾನ ಬಂತು. "ಮಾತ್ರೆ ಬಿಡ್ತಿದ್ದೀರಾ ಅಲ್ವಾ? ನಿಜ ಹೇಳಿ. ಖಾಲಿ ಹೊಟ್ಟೇಲೇ ತಗೋತಿದ್ದೀರಾ?" ಎಂದು ಕೇಳಿದರಂತೆ. ಹೌದು ಎಂದಳಂತೆ. ಮನೆಯಲ್ಲಿ ಬಸವಂತ ಬೇರೆ, "ಮನಸ್ಸು ಗಟ್ಟಿ ಮಾಡಬೇಕು, ಮಲ್ಕೊಂಡಷ್ಟೂ ಮಲ್ಕೋಬೇಕು ಅನಸ್ತೈತಿ" ಎಂದು ಉಪದೇಶ ಶುರು ಮಾಡಿದ. ಕೆಟ್ಟ ಮನುಷ್ಯನೇನಲ್ಲ. ಆದರೆ ಗಾಯ, ರಕ್ತ ಏನೂ ಕಾಣದ ಕಾಯಿಲೆಯನ್ನು ಗಂಡಸರು ನಂಬುವುದು ಕಷ್ಟ.

ಅದೇ ಹೊತ್ತಿಗೆ ಜೆಪಿ ನಗರದ ಒಂದು ಛತ್ರದಲ್ಲಿ ಅವಳ ಮರ್ಯಾದೆ ಹೋಯಿತು. ನೆರಿಗೆ ಸರಿಮಾಡಲು ಕೂತವಳಿಗೆ ಏಳಲು ಆಗಲಿಲ್ಲ. ಬೀಳುವ ಭಯಕ್ಕೆ ಕೈಗೆ ಸಿಕ್ಕಿದ್ದನ್ನು ಹಿಡಿದಳು. ಸಿಕ್ಕಿದ್ದು ಮದುಮಗಳ ಸೀರೆ. ನೆರಿಗೆಯೆಲ್ಲ ಕಿತ್ತುಕೊಂಡು ಬಂತು. ಹೊರಗೆ ಪುರೋಹಿತರು ಹೆಣ್ಣನ್ನು ಕರೆತನ್ನಿ ಎಂದು ಕೂಗುತ್ತಿದ್ದರು. ಮದುಮಗಳ ತಾಯಿ ಎಲ್ಲರೆದುರಿಗೆ, "ಕೈಲಿ ಆಗ್ದಿದ್ರೆ ಯಾಕ್ರೀ ಒಪ್ಕೋತೀರಾ?" ಎಂದರಂತೆ. ಅವತ್ತು ಮನೆಗೆ ಬಂದವಳು ಮೇಲೆ ಹೋಗದೆ ನಮ್ಮ ಮೆಟ್ಟಿಲ ಮೇಲೆಯೇ ಕೂತು ಅತ್ತಳು. ಈ ಸೀಸನ್ ಮುಗಿದ ಮೇಲೆ ಬಿಟ್ಟುಬಿಡುತ್ತೇನೆ ಎಂದಳು.

ಆಮೇಲೊಂದು ಬೆಳಿಗ್ಗೆ ಟ್ಯಾಂಕು ತುಂಬಿ ಹರಿಯುತ್ತಿದೆ, ಮೋಟರ್ ಹಾಕಿ ಮರೆತಿದ್ದಾಳೆ ಎಂದು ಬೈಯಲು ಮೇಲೆ ಹೋದೆ. ಅವಳು ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಡಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದಳು. ಪೂಜೆಯ ನಡುವೆ ಬೈಯುವಷ್ಟು ಕೆಟ್ಟವಳಲ್ಲ ನಾನು, ಸುಮ್ಮನೆ ಕಾದೆ. ಪೂಜೆ ಮುಗಿಸಿ, ಗೋಡೆಗೆ ಆತುಕೊಂಡು ಕಷ್ಟಪಟ್ಟು ಎದ್ದಳು. ಲೋಟದ ತುಂಬ ಹಾಲು ತಗೊಂಡಳು. ಮಾತ್ರೆ ಬಾಯಿಗೆ ಹಾಕಿಕೊಂಡು ಹಾಲು ಕುಡಿದಳು.

"ಅಯ್ಯೋ, ಹಾಲಿನ ಜೊತೆನಾ ನುಂಗೋದು?" ಎಂದು ಕೂಗಿದೆ.

"ಲಿಂಗಕ್ಕ ಎಡಿ ಮಾಡಿದ ಹಾಲ್ರೀ ಆಂಟಿ. ಪ್ರಸಾದ. ಇದರ ಜೋಡಿ ತಗೊಂಡ್ರ ಛಲೋ ಹತ್ತತೈತಿ ಅಂತ."

"ಖಾಲಿ ಹೊಟ್ಟೇಲಿ ಅಂದಿದ್ರಲ್ಲೇ ಡಾಕ್ಟ್ರು!"

"ಖಾಲಿ ಹೊಟ್ಟೀನ ಐತಲ್ರೀ. ಉಪಾಸಕ್ಕ ಹಾಲು ನಡಿಯಂಗಿಲ್ಲೇನು?"

ಏಕಾದಶಿಯ ದಿನ ಎರಡು ಲೋಟ ಹಾಲು ಕುಡಿದು ಇಡೀ ದಿನ ಉಪವಾಸ ಎಂದು ನಾನೂ ಹೇಳಿಕೊಂಡು ತಿರುಗುತ್ತೇನೆ. ಆದರೆ ಈ ಮಾತ್ರೆಗೆ ನಮ್ಮ ಶಾಸ್ತ್ರ ಗೊತ್ತಿಲ್ಲ. ಹಾಲು ಜೊತೆಗಿದ್ದರೆ ಅದು ಮೈಗೆ ಸರಿಯಾಗಿ ಸೇರುವುದಿಲ್ಲ. ನನಗೆ ಇದನ್ನು ಮೊದಲೇ ಹೇಳಿದ್ದರು, ಇವಳಿಗೆ ಯಾರೂ ಹೇಳಿರಲಿಲ್ಲ. ಸರಿ, ನಾಳೆಯಿಂದ ಎದ್ದ ತಕ್ಷಣ ನೀರಲ್ಲಿ ನುಂಗು ಎಂದೆ. ಅವಳ ಮುಖ ಸಣ್ಣದಾಯಿತು.

"ಪೂಜಿ ಆಗೂತನಕ ಬಾಯಾಗ ಹನಿ ನೀರೂ ಹಾಕಂಗಿಲ್ರೀ. ಲಿಂಗ ಕಟ್ಟಿದಾಗಿಂದ ಹಾಕಿಲ್ಲ. ಡಾಕ್ಟರ್ ಮುಂದ ಇದನ್ನ ಹೇಳಿದ್ರ ಪೂಜಿ ಬಿಡು ಅಂತಾರಂತ ಹೇಳಲಿಲ್ಲ."

ಎಂಥಾ ಹುಚ್ಚಿ! ಕೆಲಸ ಹೋದರೂ ಸರಿ, ಬಾಯಿ ಬಿಡುವುದಿಲ್ಲ. ಅವತ್ತೇ ಸಂಜೆ ಕೈಹಿಡಿದು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ. ಡಾಕ್ಟರ್ ಅಂಜನಾ ಎಲ್ಲ ಕೇಳಿ, "ನಾನೂ ಬಿಡಿಸಿ ಕೇಳ್ಬೇಕಿತ್ತು" ಎಂದರು. ಪೂಜೆ ಬಿಡಿ ಎನ್ನಲಿಲ್ಲ. "ರಾತ್ರಿ ತಗೊಳ್ಳಿ. ಊಟ ಆಗಿ ಮೂರು ಗಂಟೆ ಬಿಟ್ಟು, ಬರೀ ನೀರಲ್ಲಿ. ಆಮೇಲೆ ಹಾಲು ಗೀಲು ಏನೂ ಬೇಡ, ಮಲಗಿಬಿಡಿ" ಎಂದರು. ಇನ್ನು ಮಾತ್ರೆ ಪೂರ್ತಿ ಮೈಗೆ ಹತ್ತುತ್ತದೆ ಎಂದು ಅದರ ಶಕ್ತಿಯನ್ನೂ ಇಳಿಸಿದರು. ಕೊನೆಗೆ, "ರಿಪೋರ್ಟ್ ಬೇಗ ಸರಿಹೋಗುತ್ತೆ, ಸ್ನಾಯುಗಳು ನಿಧಾನ. ತಿಂಗಳುಗಟ್ಟಲೆ ಹಿಡೀಬಹುದು, ಗಾಬರಿ ಬೇಡ" ಎಂದರು. ಈ ಮಾತನ್ನು ಬಸವಂತ ಕೇಳಿಸಿಕೊಳ್ಳಬೇಕಿತ್ತು. ಅವನು ಬಂದಿರಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ರಿಪೋರ್ಟು ಸರಿಯಾಗಿ ಬಂತು. ನಾನು ಸಕ್ಕರೆ ಹಂಚುವುದೊಂದು ಬಾಕಿ. ಅವಳು ಮಾತ್ರ ಕಾಗದ ಹಿಡಿದುಕೊಂಡು ನಿಂತೇ ಇದ್ದಳು.

"ರಿಪೋರ್ಟ್ ಸರಿ ಆಗೇತ್ರೀ ಆಂಟಿ. ನಾ ಆಗಿಲ್ಲ."

ಅದು ಇನ್ನೂ ಕಷ್ಟದ ಕಾಲ. ಮೊದಲು ತೋರಿಸಲು ಒಂದು ಕೆಟ್ಟ ರಿಪೋರ್ಟಾದರೂ ಇತ್ತು, ಈಗ ಅದೂ ಇಲ್ಲ. ಬಸವಂತ ಒಂದು ದಿನ, "ಎಲ್ಲಾ ನಾರ್ಮಲ್ ಐತಿ, ಇನ್ನೇನ ನೆವ?" ಎಂದಿದ್ದು ಕೆಳಗಿದ್ದ ನನಗೇ ಕೇಳಿಸಿತು. ನನಗೆ ತಡೆಯಲಾಗಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು, "ಏನಪ್ಪಾ ಬಸವಂತ, ಇಷ್ಟು ದಿನ ಸೊರಗಿರೋ ಕಾಲು ಕಾಗದ ಬಂದ ದಿನವೇ ಓಡುತ್ತಾ? ಡಾಕ್ಟ್ರ ಹತ್ರ ನೀನೇ ಹೋಗಿ ಕೇಳ್ಕೊಂಡು ಬಾ" ಎಂದು ಚೆನ್ನಾಗಿ ಝಾಡಿಸಿಬಿಟ್ಟೆ. ಪಾಪ, ಹೋದ. ಬಂದ ಮೇಲೆ ಹೆಂಡತಿಯ ಇಸ್ತ್ರಿಪೆಟ್ಟಿಗೆಯ ಚೀಲವನ್ನು ತಾನೇ ಹೊರತೊಡಗಿದ. ಬಾಯಲ್ಲಿ ತಪ್ಪಾಯಿತು ಎನ್ನಲಿಲ್ಲ, ಅಷ್ಟು ಬೇಗ ಯಾರು ಅನ್ನುತ್ತಾರೆ.

ಅವಳು ಆ ಸೀಸನ್ನಿನಲ್ಲಿ ಒಪ್ಪಿಕೊಂಡ ಮದುವೆಗಳು ಕಡಿಮೆ. ಡಾಕ್ಟರ್ ಹೇಳಿದಂತೆ ಕುರ್ಚಿಯಲ್ಲಿ ಕೂತು ಏಳುವ ಅಭ್ಯಾಸ ಮಾಡುತ್ತಿದ್ದಳು. ಕೆಲವು ದಿನ ಪರವಾಗಿಲ್ಲ ಅನ್ನುತ್ತಿದ್ದಳು, ಕೆಲವು ದಿನ ಮಹಡಿಯಿಂದ ಇಳಿಯುತ್ತಲೇ ಇರಲಿಲ್ಲ. ನೆಲದಿಂದ ಏಳುವುದಕ್ಕೆ ಮಾತ್ರ ಏನಾದರೂ ಹಿಡಿದುಕೊಳ್ಳಲೇಬೇಕಿತ್ತು. ಹೊಸಬರು ಫೋನ್ ಮಾಡಿದರೆ, ನೋಡಿ ಹೇಳುತ್ತೇನೆ ಎಂದು ಇಡುತ್ತಿದ್ದಳು.

ಹಾಗಿರುವಾಗ ನನ್ನ ತಂಗಿಯ ಮಗಳ ಮದುವೆ ಕೋಣನಕುಂಟೆಯ ಛತ್ರದಲ್ಲಿ ಗೊತ್ತಾಯಿತು. ಭಾಗ್ಯಜ್ಯೋತಿ ಬರುವುದಿಲ್ಲ ಎಂದಳು, ನಾನು ಬಿಡಲಿಲ್ಲ. ಮದುವೆಯ ಬೆಳಿಗ್ಗೆ ಕೋಣೆಯಲ್ಲಿ ನಾವು ಮೂವರೇ. ಸೆರಗು ಮುಗಿಸಿ ನೆರಿಗೆಗೆ ಕೂತಳು. ಫೋಟೋದವನು ಒಂದೇ ಸಮನೆ ಬಾಗಿಲು ತಟ್ಟುತ್ತಿದ್ದ. ಅವಳಿಗೆ ರೇಗಿತು. "ತಡಿಯೋ ಯಪ್ಪಾ, ಸೀರಿ ಉಡೂದಕ್ಕ ಮೊದಲ ಫೋಟೋ ತಗಿತೀಯೇನು?" ಎಂದು ಅವನನ್ನು ಬೈಯುತ್ತಲೇ ಎದ್ದು ನಿಂತಳು. ಗೋಡೆ ಹಿಡಿಯಲಿಲ್ಲ. ಮಂಡಿಯ ಮೇಲೆ ಕೈ ಊರಲಿಲ್ಲ. ಅದು ಅವಳ ಗಮನಕ್ಕೇ ಬರಲಿಲ್ಲ. ನಾನು ನೋಡುತ್ತಲೇ ಇದ್ದೆ.

ಎರಡು ಹೆಜ್ಜೆ ಹಿಂದೆ ಸರಿದು ನೆರಿಗೆ ನೋಡಿದವಳು ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಿದಳು. ತನ್ನ ಕಾಲುಗಳನ್ನು ನೋಡಿಕೊಂಡಳು. ಸೀರೆಯಲ್ಲಿ ಸರಿಮಾಡುವಂಥದ್ದು ಏನೂ ಉಳಿದಿರಲಿಲ್ಲ. ಆದರೂ ಹೋಗಿ ಮತ್ತೆ ಕುಕ್ಕರಗಾಲಲ್ಲಿ ಕೂತಳು, ಮತ್ತೆ ಎದ್ದಳು.

"ಏನಾಯ್ತು ಭಾಗ್ಯಕ್ಕ, ನೆರಿಗೆ ಸರಿ ಬಂದಿಲ್ವಾ?" ಮದುಮಗಳಿಗೆ ಗಾಬರಿ.

"ನೆರಿಗಿ ಛಲೋ ಅದಾವ ನಮ್ಮವ್ವಾ," ಎಂದಳು ಭಾಗ್ಯಜ್ಯೋತಿ, ಕಣ್ಣು ಒರೆಸಿಕೊಳ್ಳುತ್ತ. "ನೀ ಸುಮ್ನ ನಿಂದ್ರು. ನಾ ಇನ್ನೊಮ್ಮೆ ಕುಂತು ಏಳ್ತೇನಿ."