ಬೀಳುವಾಗ ಕೈ ಎಲ್ಲಿಗೆ ಹೋಗುತ್ತದೆ

ನಾನು ಬೆಳಿಗ್ಗೆ ಅಡುಗೆಮನೆಯಲ್ಲಿ ಒಂಟಿ ಕಾಲಿನ ಮೇಲೆ ನಿಂತಾಗ ನೀವು ಬಾಗಿಲ ಹಿಂದೆ ನಿಂತು ನಗುತ್ತೀರಿ. ಮೊಮ್ಮಕ್ಕಳಲ್ಲಿ ದೊಡ್ಡವಳು ಒಮ್ಮೆ, "ಆಯಿ, ಕೊಕ್ಕರೆ ಆಗೀ ಏನ?" ಎಂದು ಕೇಳಿಯೂ ಕೇಳಿದಳು. ಅದಕ್ಕೆ ಉತ್ತರ ಈಗ ಬರೆಯುತ್ತಿದ್ದೇನೆ. ಇಂಥದ್ದನ್ನೆಲ್ಲ ಬಾಯಿಂದ ಹೇಳುವುದು ನನಗೆ ಮೊದಲಿನಿಂದಲೂ ಆಗುವುದಿಲ್ಲ. ನಮ್ಮೂರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದೇನೆ. ಬರೆಯುವುದಕ್ಕೆ ಅಷ್ಟು ಸಾಕು.

ಹೋದ ವರ್ಷ ಶ್ರಾವಣದಲ್ಲಿ ನಾನು ಬಿದ್ದೆ. ನೀವು ಸಾಲೆಗೆ ಹೋಗಿದ್ದಿರಿ, ನಿಮ್ಮ ಅಪ್ಪ ಹೊಲದಲ್ಲಿದ್ದ. ನಾನು ಅಂಗಳ ಸಾರಿಸಿ, ಉಳಿದ ಸಗಣಿ ನೀರಿನ ಬಕೀಟು ಹಿಡಿದು ಕಟ್ಟೆಯ ಮೇಲಿನ ಮೆಟ್ಟಿಲು ಹತ್ತಿದ್ದೆ. ಮೆಟ್ಟಿಲು ಹಸಿಯಾಗಿತ್ತು, ಕಾಲು ಜಾರಿತು. ನನ್ನ ಬಲಗೈಯಿಂದ ಒಂದು ಗೇಣು ದೂರದಲ್ಲಿ ಬಾಗಿಲ ಚೌಕಟ್ಟು ಇತ್ತು. ಅದು ಸಾಗವಾನಿ ಚೌಕಟ್ಟು, ಎರಡು ಎತ್ತು ಕಟ್ಟಿ ಜಗ್ಗಿದರೂ ಅಲುಗುವುದಿಲ್ಲ. ಅದೇ ಹೊತ್ತಿಗೆ ಎದುರು ಮನೆಯ ದೊಡ್ಡಜ್ಜ ಕೋಲೂರುತ್ತ ಮಠದ ಕಡೆಯಿಂದ ಬಂದರು. ಅವರು ನಿಮ್ಮ ಅಜ್ಜನ ಅಣ್ಣ, ನನಗೆ ಭಾವ. ಸೆರಗು ತಲೆಯಿಂದ ಜಾರಿತ್ತು. ನನ್ನ ಬಲಗೈ ಚೌಕಟ್ಟಿಗೆ ಹೋಗಲಿಲ್ಲ, ಸೆರಗಿಗೆ ಹೋಯಿತು. ನಾನು ಸೆರಗು ಸರಿ ಮಾಡಿಕೊಂಡು ಕೆಳಗೆ ಬಿದ್ದೆ.

ನೋಡಲು ಬಂದವರೆಲ್ಲ ಎಡಗೈ ಮಣಿಕಟ್ಟು ಮುರಿದಿದೆ, ಸದ್ಯ ಸೊಂಟ ಉಳಿಯಿತು ಎಂದರು. ಸೆರಗಿನ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಅದು ಇದ್ದಲ್ಲೇ ಇತ್ತು.

"ಚೌಕಟ್ಟು ಹಿಡಕೋಬಾರದಿತ್ತೇನ್ ಯವ್ವಾ?" ಎಂದು ನಿಮ್ಮ ಅಪ್ಪ ಕೇಳಿದ. ಅಷ್ಟು ಜನರ ಮುಂದೆ ಏನು ಹೇಳುವುದು? "ಕಣ್ಣಿಗೆ ಕತ್ತಲಿ ಬಂತಪಾ" ಎಂದುಬಿಟ್ಟೆ. ನಾನು ಜನ್ಮದಲ್ಲಿ ಆಡಿದ ಸುಳ್ಳುಗಳಲ್ಲಿ ಇದು ದೊಡ್ಡದೇನೂ ಅಲ್ಲ. ಆದರೆ ಇದರಷ್ಟು ಕೆಲಸ ಮಾಡಿದ್ದು ಇನ್ನೊಂದಿಲ್ಲ. ಮರುದಿನದಿಂದ ಕೈಗೆ ಪಟ್ಟಿ ಸುತ್ತಿ ಗಾಳಿ ತುಂಬುವ ಯಂತ್ರ ಮನೆಗೆ ಬಂತು. ರಕ್ತ ಕೊಟ್ಟೆ. ಎದೆಗೆ ವಾಯರು ಹಚ್ಚಿ ಪಟ್ಟಿಯುದ್ದ ಗೆರೆ ಬರೆಸಿದರು. ಎಲ್ಲವೂ ಸರಿಯಾಗಿತ್ತು. ಎಲ್ಲವೂ ಸರಿಯಾಗಿದ್ದರೂ ಕತ್ತಲೆ ಬಂದಿತಲ್ಲ ಎಂದು ಎಲ್ಲರಿಗೂ ಇನ್ನಷ್ಟು ಹೆದರಿಕೆಯಾಯಿತು. ಇನ್ನು ಮೇಲೆ ಅವ್ವ ಒಬ್ಬಳೇ ಹೊಸ್ತಿಲು ದಾಟುವಂತಿಲ್ಲ ಎಂದು ನಿಮ್ಮ ಅಪ್ಪ ಹೇಳಿದ.

ಹೊಸ್ತಿಲು ದಾಟದಿದ್ದರೆ ಹೊಲಕ್ಕೆ ಹೋಗುವಂತಿಲ್ಲ. ನಿಮ್ಮ ಅಜ್ಜ ಹೋದ ಮೇಲೆ ನಾನು ದಿನಾ ಬೆಳಿಗ್ಗೆ ರೊಟ್ಟಿ ಬಡಿದಾದ ಮೇಲೆ ಹೊಲಕ್ಕೆ ಹೋಗಿ, ಒಡ್ಡಿನ ಮೇಲೆ ಒಂದು ಸುತ್ತು ಹಾಕಿ ಬರುತ್ತಿದ್ದೆ. ಅಲ್ಲಿ ನಾನು ಏನೂ ಕೆಲಸ ಮಾಡುತ್ತಿರಲಿಲ್ಲ. ಯಾರೂ ಮಾತಾಡಿಸುತ್ತಿರಲಿಲ್ಲ. ದಿನದಲ್ಲಿ ಅದೊಂದು ಹೊತ್ತು ಬಿಟ್ಟರೆ ಉಳಿದದ್ದೆಲ್ಲ ಮನೆಯದೇ. ಅದು ಹೋಯಿತು. ಜೊತೆ ಇದ್ದರೆ ಹೋಗಬಹುದು ಎಂದು ನಿಮ್ಮ ಅವ್ವ ಬಾಜು ಮನೆಯಾಕೆಯನ್ನು ಗೊತ್ತು ಮಾಡಿದಳು. ಆಕೆ ಬಂದಳು. ಹೋಗುವಾಗ ಒಂದು ಧಾರಾವಾಹಿ, ಬರುವಾಗ ಇನ್ನೊಂದು ಧಾರಾವಾಹಿ ಹೇಳಿದಳು. ನಾಲ್ಕನೆಯ ದಿನ ನನ್ನ ಕಾಲು ನೋಯುತ್ತವೆ ಎಂದೆ. ಅದು ಎರಡನೆಯ ಸುಳ್ಳು.

ಮಣಿಕಟ್ಟಿನ ಪಟ್ಟಿ ಬಿಚ್ಚಿದ ದಿನ ಡಾಕ್ಟರು, "ಮುದುಕರು ಒಮ್ಮೆ ಬಿದ್ದರ ಮತ್ತ ಬೀಳ್ತಾರ್ರಿ, ಇವರ ತೋಲ ನೋಡಸ್ರಿ" ಎಂದು ನಿಮ್ಮ ಅಪ್ಪನಿಗೆ ಹೇಳಿದರು. ತೋಲ, ಅಂದರೆ ಮೈಯ ಸಮತೋಲ, ನೋಡುವ ಹುಡುಗಿ ಮಂಗಳವಾರಕ್ಕೊಮ್ಮೆ ನಮ್ಮೂರ ದವಾಖಾನೆಗೆ ಬರುತ್ತಿದ್ದಳು. ಧಾರವಾಡದ ಕಡೆಯವಳು. ಬೆನ್ನಿಗೆ ದೊಡ್ಡ ಚೀಲ, ಚೀಲದಲ್ಲಿ ಒಂದು ಬಿಳಿ ಹಲಗೆ. ಸಂತೆಯಲ್ಲಿ ಚೀಲ ತೂಗುವ ಕಾಟಾದ ಹಾಗಿತ್ತು, ಆದರೆ ತೆಳ್ಳಗೆ. ಅದರ ಮೇಲೆ ನಿಂತರೆ, ಎದುರು ಮೇಜಿನ ಮೇಲಿಟ್ಟ ಟ್ಯಾಬಿನಲ್ಲಿ ಒಂದು ಕೆಂಪು ಚುಕ್ಕೆ ಕಾಣಿಸುತ್ತಿತ್ತು. ಚುಕ್ಕೆಯ ಸುತ್ತ ಒಂದು ಬಳೆಯಂಥ ಗೆರೆ.

"ಅಜ್ಜಿ, ಈ ಚುಕ್ಕಿ ಅಂದ್ರ ನೀವ" ಎಂದಳು. "ನೀವು ಎತ್ತಾಗ ವಾಲ್ತೀರಿ, ಅದೂ ಅತ್ತಾಗ ವಾಲ್ತೈತಿ. ಬಳಿ ಬಿಟ್ಟು ಹೊರಗ ಹೋಗಲಾರದಂಗ ನಿಲ್ರಿ. ಎರಡೂ ಕೈ ಕೆಳಗ."

ನಾನು ನಿಂತೆ. ಚುಕ್ಕೆ ಬಳೆಯೊಳಗೆ ಸುಮ್ಮನೆ ನಿಂತಿತು. ಆಮೇಲೆ ಒಮ್ಮೆಲೇ ಎಡಕ್ಕೆ ಜಿಗಿಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜಿಗಿಯಿತು. ಆಗ ಹುಡುಗಿ ಚುಕ್ಕೆಯನ್ನು ನೋಡುತ್ತಿದ್ದಳು, ನನ್ನನ್ನು ನೋಡಲಿಲ್ಲ. ಮುಗಿದ ಮೇಲೆ ಆ ಯಂತ್ರ ಎಲ್ಲವನ್ನೂ ಒಂದು ಗೆರೆಯಾಗಿ ಬರೆದು ತೋರಿಸಿತು.

"ಗೆರಿ ಸೀದಾ ಹೊಂಟೈತಿ, ಇಲ್ಲಿ ನೋಡ್ರಿ, ಒಮ್ಮೆಲೆ ಗುಡ್ಡ ಆಗೇತಿ. ಇಲ್ಲಿ ಏನಾತ್ರಿ ಅಜ್ಜಿ?"

ಅಲ್ಲಿ ಕಂಪೌಂಡರ್ ಒಳಗೆ ಬಂದಿದ್ದ.

"ಇಲ್ಲಿ?"

ಅಲ್ಲಿ ಕೆಮ್ಮಿನ ಔಷಧಕ್ಕೆ ಬಂದ ಗಂಡಸೊಬ್ಬ ಬೆಂಚಿನ ಮೇಲೆ ಕೂತಿದ್ದ.

"ಗೊತ್ತಿಲ್ಲವಾ" ಎಂದೆ. ಅದು ಮೂರನೆಯದು. ಯಾವ ಯಾವ ಹೊತ್ತಿಗೆ ಯಾವ ಯಾವ ಗಂಡಸು ಬಂದ ಎಂಬುದನ್ನು ಆ ಹಲಗೆ ಬರೆದುಕೊಳ್ಳುತ್ತದೆ ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಮನೆಯಲ್ಲಿ ಮಾಡಲು ಹುಡುಗಿ ವ್ಯಾಯಾಮಗಳನ್ನು ನಿಮ್ಮ ಅವ್ವನ ಮೊಬೈಲಿಗೆ ಹಾಕಿಕೊಟ್ಟಳು. ಮೊಬೈಲಿನೊಳಗಿನ ಹೆಂಗಸು ಬಹಳ ಮರ್ಯಾದೆಯಿಂದ, "ಈಗ ನಿಮ್ಮ ದೇಹದ ಭಾರವನ್ನು ನಿಧಾನವಾಗಿ ಬಲಗಾಲಿಗೆ ವರ್ಗಾಯಿಸಿ" ಎಂದು ಹೇಳುತ್ತಿದ್ದಳು. ನನಗೆ ಗೊತ್ತಿದ್ದಂತೆ ವರ್ಗ ಆಗುವುದು ಮಾಸ್ತರರಿಗೆ ಮತ್ತು ತಲಾಟಿಗೆ. ಅರ್ಥ ಆಗುವವರೆಗೆ ಎರಡು ದಿನ ಎರಡೂ ಕಾಲ ಮೇಲೆ ನಿಂತೇ ಇದ್ದೆ. ಮೊಬೈಲಿನವಳು ಎರಡೂ ದಿನ "ತುಂಬಾ ಚೆನ್ನಾಗಿ ಮಾಡಿದಿರಿ" ಎಂದಳು.

ಆಮೇಲೆ ನಿಜವಾಗಿಯೂ ಮಾಡಿದೆ. ಒಂಟಿ ಕಾಲಿನ ಮೇಲೆ ನಿಲ್ಲುವುದು, ಹಿಮ್ಮಡಿಗೆ ಬೆರಳು ಹಚ್ಚಿ ಒಂದೇ ಗೆರೆಯ ಮೇಲೆ ನಡೆಯುವುದು, ಕೈ ಊರದೆ ಕುರ್ಚಿಯಿಂದ ಏಳುವುದು. ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ನಾನು ಮೂವತ್ತು ಎಣಿಸುವವರೆಗೆ ಅಲುಗದೆ ನಿಲ್ಲುತ್ತಿದ್ದೆ. ದವಾಖಾನೆಯಲ್ಲಿ ಹನ್ನೆರಡು ದಾಟುತ್ತಿರಲಿಲ್ಲ. ಮೂರನೆಯ ಮಂಗಳವಾರ ಹುಡುಗಿ ಟ್ಯಾಬ್ ಬಿಟ್ಟು ನನ್ನನ್ನೇ ನೋಡುತ್ತ ನಿಂತಳು. ಕಂಪೌಂಡರ್ ಬಂದ. ನನ್ನ ಕೈ ಮೇಲೆ ಹೋಯಿತು.

"ಸಿಕ್ಕಿತ್ ನೋಡ್ರಿ!" ಎಂದು ಕೂಗಿದಳು. "ಸೆರಗ್ರಿ! ಅಜ್ಜಿ, ಬೀಳೂ ಹೊತ್ತಿನ್ಯಾಗ ಕೈ ಏನರ ಹಿಡಕೊಳ್ಳಾಕ ಬೇಕ್ರಿ. ನಿಮ್ಮ ಕೈ ಯಾವಾಗಲೂ ಡ್ಯೂಟಿ ಮ್ಯಾಲ ಇರ್ತೈತಿ!"

ಕಂಪೌಂಡರ್ ತನ್ನಿಂದ ಏನು ತಪ್ಪಾಯಿತು ಎಂದು ತಿಳಿಯದೆ ಹೊರಗೆ ಹೋದ.

ನಿಮ್ಮ ಅವ್ವ ಇದಕ್ಕೆ ಪಿನ್ನು ಸಾಕು ಎಂದಳು. ಮುಂದಿನ ಮಂಗಳವಾರ ಎರಡೂ ಬದಿಗೆ ಎರಡು ಪಿನ್ನು ಚುಚ್ಚಿ ಕಳಿಸಿದಳು. ಸೆರಗು ನಿಂತಿತು, ಕೈ ನಿಲ್ಲಲಿಲ್ಲ. ಇದ್ದಲ್ಲೇ ಇದ್ದ ಸೆರಗನ್ನು ಸರಿ ಮಾಡಲು ಅದು ಮೇಲೆ ಹೋಗಿ ಬರುತ್ತಿತ್ತು. ಐವತ್ತು ವರ್ಷ ಹೋಗಿ ಬಂದ ದಾರಿ ಅದು. ಪಿನ್ನಿಗೆ ಬೆರಳು ತಾಗಿ ರಕ್ತ ಬಂತು.

ಹುಡುಗಿ ಕೊನೆಗೆ ಒಂದು ಮಾತು ಹೇಳಿದಳು. ಕೈ ಎತ್ತದೆ, ಮೂವತ್ತು ಎಣಿಸುವವರೆಗೆ, ಮೂರು ಸಲ ನಿಂತರೆ, ಅಜ್ಜಿಯ ತೋಲ ಸರಿಯಿದೆ, ಒಬ್ಬಳೇ ಹೊಲಕ್ಕೆ ಹೋಗಬಹುದು ಎಂದು ನಿಮ್ಮ ಅಪ್ಪನಿಗೆ ತಾನೇ ಫೋನ್ ಮಾಡಿ ಹೇಳುತ್ತೇನೆ ಎಂದಳು. ಅಷ್ಟರಲ್ಲಿ ಕಡಲೆ ಬಿತ್ತಿ ಮುಗಿದಿತ್ತು. ಹುಟ್ಟಿದೆಯೋ ಇಲ್ಲವೋ ನಾನು ನೋಡಿರಲಿಲ್ಲ. ಅವರಿವರು ಹೇಳಿದ್ದು ಕೇಳಿದ್ದೆ.

ಅದರ ಮುಂದಿನ ಮಂಗಳವಾರವೂ ಪಿನ್ನು ಚುಚ್ಚಿಕೊಂಡೇ ದವಾಖಾನೆಗೆ ಹೋದರೆ ಒಳಗೆ ಕುರ್ಚಿಯ ಮೇಲೆ ದೊಡ್ಡಜ್ಜ ಕೂತಿದ್ದರು. ಮಠದ ಮೆಟ್ಟಿಲಲ್ಲಿ ಎರಡು ಸಲ ಜೋಲಿ ಹೊಡೆದಿದ್ದರಂತೆ. ಡಾಕ್ಟರು ಅವರಿಗೂ ಹಲಗೆ ಹತ್ತಲು ಹೇಳಿದ್ದರು. ಅವರು ಗೋಡೆಯ ಗಡಿಯಾರ ನೋಡಿ, "ಹನ್ನೊಂದೂಕಾಲು ಆತು, ಶಲವಡಿ ಬಸ್ಸು ಇನ್ನೂ ಸುದ್ದಿ ಇಲ್ಲ" ಎಂದರು. ಯಾರಿಗೂ ಹೇಳಿದ್ದಲ್ಲ. ನಾನು ಈ ಮನೆಗೆ ಬಂದಾಗಿನಿಂದ ಅವರು ನನ್ನೊಡನೆ ನೇರವಾಗಿ ಮಾತಾಡಿದವರಲ್ಲ, ನಾನೂ ಅವರೊಡನೆ ಆಡಿದವಳಲ್ಲ. ಮನೆಯಲ್ಲಿ ತಮ್ಮನ ಹೆಂಡತಿಗೂ ಭಾವನಿಗೂ ಹಾಗೆಯೇ ನಡೆದು ಬಂದಿತ್ತು. ಹೇಳುವುದು ಏನಾದರೂ ಇದ್ದರೆ ನಡುವೆ ಒಬ್ಬರು ಇರುತ್ತಿದ್ದರು.

ಕಂಪೌಂಡರನ ಮುಂದೆ ನಿಲ್ಲದ ಕೈ ಅವರ ಮುಂದೆ ನಿಲ್ಲುತ್ತದೆಯೇ? ಮೊದಲ ಸಲ ಆರು ಎಣಿಸುವಷ್ಟರಲ್ಲಿ ಮೇಲೆ ಹೋಯಿತು. ಎರಡನೆಯ ಸಲ ನಾಲ್ಕಕ್ಕೆ.

"ಅಜ್ಜೀ, ಮತ್ತ ಕೈ!" ಎಂದು ಹುಡುಗಿ ಹಣೆ ಬಡಿದುಕೊಂಡಳು.

ದೊಡ್ಡಜ್ಜ ಗಂಟಲು ಸರಿ ಮಾಡಿಕೊಂಡರು. "ತಂಗೀ, ಆಕಿಗೆ ಒಂದ್ ಮಾತ ಹೇಳ."

"ಅವರ ಇಲ್ಲೇ ಅದಾರಲ್ರಿ ಅಜ್ಜಾ, ನೀವ ಹೇಳ್ರಿ."

"ನೀ ಹೇಳ ಅಂದ್ನೆಲ್ಲಾ. ನನಗ ಕಣ್ಣು ಕಾಣಂಗಿಲ್ಲ ಅಂತ ಹೇಳ. ನಾಕ್ ವರ್ಷ ಆತು. ಯಾರ ತಲಿಮ್ಯಾಲ ಸೆರಗೈತಿ, ಯಾರ ತಲಿಮ್ಯಾಲ ಇಲ್ಲ, ಏನೂ ತಿಳಿಯಂಗಿಲ್ಲ ನನಗ. ಅಗದಿ ಮಬ್ಬ."

ಹುಡುಗಿ ನನ್ನ ಕಡೆ ತಿರುಗಿದಳು. ನಾನು ಎರಡು ಮಾರು ದೂರದಲ್ಲಿದ್ದೆ. "ಅಜ್ಜಿ, ಅಜ್ಜಾರಿಗೆ ಕಣ್ಣು ಕಾಣಂಗಿಲ್ಲಂತ್ರಿ."

ನಾನು ಗೋಡೆಯ ಗಡಿಯಾರ ನೋಡಿದೆ. ಹನ್ನೊಂದೂವರೆಗೆ ಸ್ವಲ್ಪ ಕಡಿಮೆ ಇತ್ತು.

"ಹೌದಂತ ಹೇಳವಾ" ಎಂದೆ.

ಆಮೇಲೆ ನಾನೇ ಎರಡೂ ಪಿನ್ನು ತೆಗೆದು ಮೇಜಿನ ಮೇಲಿಟ್ಟೆ. ಸೆರಗು ಹೆಗಲಿಗೆ ಜಾರಿತು. ಫ್ಯಾನಿನ ಗಾಳಿ ತಲೆಗೆ ತಾಗಿತು. ಎರಡೂ ಕೈ ಕೆಳಗೆ ಬಿಟ್ಟು ಚುಕ್ಕೆ ನೋಡುತ್ತ ನಿಂತೆ. ಕಣ್ಣು ಕಾಣದ ದೊಡ್ಡಜ್ಜ ಕುರ್ಚಿಯಲ್ಲಿ ಅರ್ಧ ತಿರುಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವಾಗ ಎಂದು ಹುಡುಕುತ್ತಿದ್ದರು. ಹುಡುಗಿ ಎಣಿಸಿದಳು. ಹತ್ತು. ಇಪ್ಪತ್ತು. ಬಲಗೈ ಬೆರಳುಗಳು ಒಂದೆರಡು ಸಲ ಮಿಸುಕಿದವು. ಮೂವತ್ತಾಯಿತು. ಇಳಿದು ಮತ್ತೆ ಹತ್ತಿದೆ. ಮೂರು ಸಲವೂ ಚುಕ್ಕೆ ಬಳೆಯೊಳಗೇ ಇತ್ತು.

ಅನಂತರ ದೊಡ್ಡಜ್ಜ ಹಲಗೆ ಹತ್ತಿದರು. ಅವರ ಚುಕ್ಕೆ ಬಳೆಯ ಹೊರಗೆ ಊರೆಲ್ಲ ಸುತ್ತಿ ಬಂತು. ನಾನು ಆ ಕಡೆ ನೋಡಲಿಲ್ಲ. ನನಗೂ ಕಣ್ಣು ಕಾಣುವುದಿಲ್ಲ ಎಂದುಕೊಂಡೆ.

ಹುಡುಗಿ ಮಾತಿನಂತೆ ಫೋನ್ ಮಾಡಿದ್ದಳು. ಸಂಜೆ ನಿಮ್ಮ ಅಪ್ಪ ಊಟಕ್ಕೆ ಕೂತಾಗ, "ತೋಲ ಚಲೋ ಆಗೇತಂತ, ಬರೋಬ್ಬರಿ ಆತು" ಎಂದ. "ಆದ್ರ ಯವ್ವಾ, ಒಡ್ಡಿನ ಮ್ಯಾಲ ಮತ್ತ ಕಣ್ಣಿಗೆ ಕತ್ತಲಿ ಬಂದ್ರ? ಹಲಗಿ ಅದನ್ನೇನ್ ಹೇಳೂದಿಲ್ಲಲ್ಲ. ಒಬ್ಬಾಕೀನ ಬ್ಯಾಡ."

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅದೇ ತೊಂದರೆ. ನಾನು ರೊಟ್ಟಿ ಬುಟ್ಟಿ ಕೆಳಗಿಟ್ಟೆ.

"ಕತ್ತಲಿ ಬಂದಿದ್ದಿಲ್ಲ" ಎಂದೆ.

"ಏನಂದಿ?"

"ಅವತ್ತ ಕಣ್ಣಿಗೆ ಕತ್ತಲಿ ಬಂದಿದ್ದಿಲ್ಲ. ಎಲ್ಲಾ ಕಾಣತಿತ್ತು. ಚೌಕಟ್ಟ ಕಾಣತಿತ್ತು, ನಿಮ್ಮ ದೊಡ್ಡಪ್ಪಾರೂ ಕಾಣತಿದ್ರು. ಸೆರಗ ಹಿಡದೆ."

ನಿಮ್ಮ ಅಪ್ಪ ಮುರಿದ ರೊಟ್ಟಿ ಕೈಯಲ್ಲೇ ಹಿಡಿದು ಕೂತ. ನಿಮ್ಮ ಅವ್ವ ಒಳಗೆ ಹೋದಳು. ನಗುವುದು ಹೊರಗೆ ಕೇಳಿಸಿತು.

"ಅತ್ತೀ, ಮತ್ತ ಆ ಎದಿ ಗೆರಿ, ರಕ್ತ, ಅದೆಲ್ಲಾ ಯಾಕ ಕೊಟ್ರಿ?" ಎಂದು ಒಳಗಿನಿಂದಲೇ ಕೇಳಿದಳು.

"ನೀವ ಕೇಳಿದ್ರಿ, ಕೊಟ್ಟೆ."

ನಿಮ್ಮ ಅಪ್ಪ ಆಮೇಲೆ ಬಹಳ ಹೊತ್ತು ಉಂಡ. ಕೈ ತೊಳೆಯುವಾಗ, "ಮೊಬೈಲ್ ಒಯ್ಯಿ" ಎಂದಷ್ಟೇ ಹೇಳಿದ.

ಮರುದಿನ ಒಬ್ಬಳೇ ಹೋದೆ. ಕಡಲೆ ಹುಟ್ಟಿ ಗೇಣುದ್ದ ಆಗಿತ್ತು. ಕಳೆ ತೆಗೆಯಲು ಎಡೆ ಹೊಡೆದ ಸಾಲುಗಳು ಸೊಟ್ಟಗಿದ್ದವು, ನಿಮ್ಮ ಅಪ್ಪನಿಗೆ ಹೇಳಲಿಲ್ಲ. ಹಿಂದಿನ ದಿನ ನಾಲ್ಕು ಹನಿ ಬಿದ್ದಿತ್ತು. ಎರೆ ಮಣ್ಣು ನಿಮಗೆ ಗೊತ್ತೇ ಇದೆ, ನಾಲ್ಕೇ ಹನಿ ಸಾಕು. ಮೂಡಣ ಒಡ್ಡಿನ ಇಳಿಜಾರಿನಲ್ಲಿ ಎಡಗಾಲು ಜಾರಿತು. ಅಲ್ಲಿ ಯಾರೂ ಇರಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಆ ಹೊತ್ತಿಗೆ ಆಚೆ ಹೊಲದಾತ ಎತ್ತು ಹೊಡೆದುಕೊಂಡು ಹೋಗುತ್ತಿದ್ದ. ನನ್ನ ಕೈ ಜಾಲಿ ಕಂಟಿಯನ್ನು ಹಿಡಿದಿತ್ತು. ಸೆರಗು ಬೆನ್ನ ಮೇಲೆ ಇತ್ತು. ನಿಂತೇ ಇದ್ದೆ.

ಅಂಗೈಯಲ್ಲಿ ಎರಡು ಮುಳ್ಳು ಮುರಿದಿದ್ದವು. ಮನೆಗೆ ಬಂದು ಬಚ್ಚಲಲ್ಲಿ ಕೈ ತೊಳೆಯುತ್ತಿದ್ದಾಗ ನಿಮ್ಮ ಅವ್ವ ನೋಡಿದಳು. ಸೂಜಿ ತಂದು, ನನ್ನನ್ನು ಬೆಳಕಿಗೆ ಕೂಡಿಸಿ ಮುಳ್ಳು ತೆಗೆಯತೊಡಗಿದಳು.

"ಜಾರಿತ್ತೇನ್ರಿ?"

ಕಟ್ಟಿಗೆ ಮುರಿಯಲು ಹೋಗಿದ್ದೆ ಎಂದು ಹೇಳಬಹುದಿತ್ತು. ಬಾಯಿಗೆ ಬಂದೂ ಇತ್ತು.

"ಜಾರಿತ್ತು. ಬೀಳಲಿಲ್ಲ" ಎಂದೆ.

ಅವಳು ಎರಡನೆಯ ಮುಳ್ಳನ್ನು ತೆಗೆದು, ಬೆರಳ ತುದಿಯ ಮೇಲಿಟ್ಟುಕೊಂಡು ನೋಡಿದಳು. "ಮೂಡಣ ಒಡ್ಡ ಯಾವಾಗಲೂ ಹಂಗ್ರಿ" ಎಂದಳು. "ನಾಳೆ ಪಡುವಣ ಕಡಿಂದ ಹೋಗ್ರಿ."